ಇಡಿ ತೊಡೆಯೋ, ಮುಂಗಾಲೋ? ಮನೆಯಲ್ಲಿ ಮಟನ್ ರೋಸ್ಟ್ ಮಾಡುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಬಳ್ಳಾರಿಯ ಕೌಲ್ ಬಜಾರಿನ ಮಾಂಸದ ಅಂಗಡಿಯಲ್ಲಿ ನಿಂತು "ತೊಡೆಯನ್ನು ಇಡಿಯಾಗಿ ಕೊಡಿ, ತುಂಡು ಮಾಡಬೇಡಿ" ಎಂದು ಕೇಳಿದರೆ ಅಂಗಡಿಯವರ ಕೈಯಲ್ಲಿದ್ದ ಕತ್ತಿ ಅರ್ಧಕ್ಕೇ ನಿಲ್ಲುತ್ತದೆ. "ಖರೇನ ಕಡೀಬಾರದೇನ್ರಿ ಅಕ್ಕಾರ?" ಎಂದು ಅವರು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಮಾಂಸವೆಂದರೆ ಸಾರಿಗೆ, ಪಲ್ಯಕ್ಕೆ, ಬಿರಿಯಾನಿಗೆ ಹೊಂದುವ ಸಣ್ಣ ತುಂಡುಗಳೇ ಆಗಿರುವುದರಿಂದ ಅವರ ಅನುಮಾನ ಸಹಜವಾದದ್ದು. ಆದರೆ ಇಡಿಯ ತುಂಡನ್ನು ನಿಧಾನವಾಗಿ ಬೇಯಿಸಿ, ಹೊರಮೈಯನ್ನು ಕೆಂಪಗೆ ಹುರಿದು, ತಟ್ಟೆಯಲ್ಲಿಟ್ಟು ಎಳೆ ಎಳೆಯಾಗಿ ಕೊಯ್ದು ಬಡಿಸುವ ರೋಸ್ಟಿನ ರುಚಿ ಬೇರೆಯೇ. ಸಾರಿನಲ್ಲಿ ಗಟ್ಟಿಯಾಗಿ ಉಳಿದ ತುಂಡನ್ನು ಮಸಾಲೆಯ ರಸ ಮರೆಸುತ್ತದೆ. ರೋಸ್ಟಿನಲ್ಲಿ ಅಂಥ ಮರೆ ಇಲ್ಲ. ಹೊರಗೆ ಒಣಗಿ ಒಳಗೆ ಚರ್ಮದಂತಾದ ತೊಡೆಯನ್ನು ಅತಿಥಿಗಳ ಮುಂದಿಟ್ಟವರಿಗೆ ಆ ಸಂಕಟ ಗೊತ್ತು.

ನನ್ನ ಅನುಭವದಲ್ಲಿ ಈ ಅಡುಗೆ ಕೆಡುವುದು ಮಸಾಲೆಯಿಂದ ಅಲ್ಲ, ಅಂಗಡಿಯಲ್ಲಿ ಮಾಡಿದ ಆಯ್ಕೆಯಿಂದ ಮತ್ತು ಆ ಆಯ್ಕೆಗೆ ಹೊಂದದ ಪಾತ್ರೆಯಿಂದ. ಯಾವ ಪ್ರಾಣಿಯ ಯಾವ ಭಾಗ ಸಿಕ್ಕಿದೆ ಎಂಬುದನ್ನು ನೋಡಿ ಬೇಯಿಸುವ ಬಗೆಯನ್ನು ನಿರ್ಧರಿಸಬೇಕೇ ಹೊರತು, ಮನೆಯಲ್ಲಿ ಒಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಇದೆಯೆಂದು ಸಿಕ್ಕಿದ ತುಂಡನ್ನೆಲ್ಲ ಅದರೊಳಗೆ ಇಡಬಾರದು. ಮುಂದಿನ ಹೋಲಿಕೆಗಳನ್ನು ಇದೇ ಕ್ರಮದಲ್ಲಿ ಮಾಡಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹೊರದೇಶಗಳ ಅಡುಗೆ ವಿಡಿಯೋಗಳಲ್ಲಿ ಜಿಂಕೆ ಮಾಂಸದ ರೋಸ್ಟ್ ನೋಡಿ, ಇಲ್ಲಿಯೂ ಅದನ್ನು ಮಾಡಬಹುದೇ ಎಂದು ಕೇಳುವವರಿದ್ದಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡು ಕಣ್ಣಿಗೆ ಬೀಳುತ್ತದೆಯಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳ ಬೇಟೆ ಮಾತ್ರವಲ್ಲ, ಮಾಂಸವನ್ನು ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು ಸಹ ಜೈಲು ಶಿಕ್ಷೆಯ ಅಪರಾಧ. ಆದ್ದರಿಂದ ಅದು ಇಲ್ಲಿ ಆಯ್ಕೆಯೇ ಅಲ್ಲ. ಆದರೆ ಜಿಂಕೆ ಮಾಂಸವನ್ನು ಬೇಯಿಸುವವರು ಕಲಿತ ಪಾಠ ನಮಗೂ ಬಹಳ ಉಪಯುಕ್ತವಾದದ್ದು. ಓಡಾಡಿ ಬೆಳೆದ ಪ್ರಾಣಿಯ ಮಾಂಸದಲ್ಲಿ ಕೊಬ್ಬು ಕಡಿಮೆ, ಎಳೆಗಳ ನಡುವಿನ ಕಟ್ಟು ಹೆಚ್ಚು. ಅದಕ್ಕೆ ಹೊರಗಿನಿಂದ ಕೊಬ್ಬು ಕೊಡಬೇಕು, ಬೆಂಕಿಯನ್ನು ಕಡಿಮೆ ಮಾಡಬೇಕು, ತೇವವನ್ನು ಕಾಪಾಡಬೇಕು. ದಿನವಿಡೀ ಬಿಸಿಲಿನಲ್ಲಿ ಮೈಲುಗಟ್ಟಲೆ ನಡೆದು ಮೇಯುವ ನಮ್ಮ ಬಯಲುಸೀಮೆಯ ಆಡು, ಕುರಿಗಳ ಮಾಂಸವೂ ಇದೇ ಸ್ವಭಾವದ್ದು. ಕಟ್ಟಿಹಾಕಿ ಕಾಳು ತಿನ್ನಿಸಿ ಕೊಬ್ಬಿಸಿದ ಕುರಿಗಾಗಿ ಬರೆದ ಪಾಕವಿಧಾನವನ್ನು ಇಲ್ಲಿಯ ಮಾಂಸಕ್ಕೆ ಹಾಗೆಯೇ ಅನ್ವಯಿಸಿದರೆ ಅದು ಒಣಗುವುದು ಖಂಡಿತ.

ಆಡೋ, ಕುರಿಯೋ?

ಆಡು, ಅಂದರೆ ಮೇಕೆಯ ಕೊಬ್ಬು ಹೆಚ್ಚಾಗಿ ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಸೇರಿಕೊಂಡಿರುತ್ತದೆ. ಮಾಂಸದ ಮೇಲೆ ಕೊಬ್ಬಿನ ಹೊದಿಕೆ ಬಹಳ ತೆಳು. ಕುರಿಯಲ್ಲಿ ಚರ್ಮದ ಕೆಳಗೆ ಬಿಳಿ ಕೊಬ್ಬಿನ ಪದರ ಇರುತ್ತದೆ, ಎಳೆಗಳ ನಡುವೆಯೂ ಒಂದಿಷ್ಟು ಇರುತ್ತದೆ. ರೋಸ್ಟಿಗೆ ಈ ಪದರವೇ ಆಸರೆ: ಬಿಸಿಗೆ ಕರಗುತ್ತ ಮಾಂಸದ ಮೇಲೆ ಹರಿದು ಅದನ್ನು ಒಣಗದಂತೆ ಕಾಯುತ್ತದೆ. ಸಾರಿಗೆ ಆಡಿನ ಮಾಂಸವನ್ನೇ ಮೆಚ್ಚುವವರಲ್ಲಿ ನಾನೂ ಒಬ್ಬಳು. ಆದರೆ ಇಡಿಯ ತುಂಡನ್ನು ಹುರಿದು ಬೇಯಿಸುವುದಾದರೆ ಹಿಂಜರಿಯದೆ ಕುರಿಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಈ ವಿಷಯದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳವರು ಅದೃಷ್ಟವಂತರು. ಕಪ್ಪು ಬಿಳಿ ಬೆರೆತ ಒರಟು ಉಣ್ಣೆಯ ಬಳ್ಳಾರಿ ತಳಿಯೂ, ರಾಯಚೂರು ಕೊಪ್ಪಳದ ಕಡೆ ಹೆಚ್ಚಾಗಿ ಕಾಣುವ, ಮಾಂಸಕ್ಕೆಂದೇ ಹೆಸರಾದ ಕೆಂಗುರಿ ತಳಿಯೂ ನಮ್ಮ ಮನೆಬಾಗಿಲಿನಲ್ಲೇ ಸಿಗುತ್ತವೆ. ಬಳ್ಳಾರಿ ಕುರಿ ಉಣ್ಣೆಗೂ ಮಾಂಸಕ್ಕೂ ಸಾಕಿದ್ದು. ಕೆಂಗುರಿ ಮುಖ್ಯವಾಗಿ ಮಾಂಸಕ್ಕಾಗಿಯೇ ಸಾಕಿದ್ದು. ಎರಡೂ ಸಿಗುವ ಊರಿನಲ್ಲಿ ನಾನು ರೋಸ್ಟಿಗೆ ಕೆಂಗುರಿಯನ್ನು ಕೇಳುತ್ತೇನೆ. ಆದರೆ ತಳಿಗಿಂತ ವಯಸ್ಸು ಮುಖ್ಯ ಎಂಬುದನ್ನು ಮರೆಯಬಾರದು. ಕುರಿಗೆ ಒಂದರಿಂದ ಒಂದೂವರೆ ವರ್ಷವಾಗುವ ಹೊತ್ತಿಗೆ ಕೆಳದವಡೆಯ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಇದನ್ನೇ ಎರಡು ಹಲ್ಲಿನ ಕುರಿ ಎನ್ನುವುದು. ಹಾಲುಹಲ್ಲಿನ ಮರಿಯ ಮಾಂಸ ಬಹಳ ಮೃದು, ಆದರೆ ರುಚಿ ಸೌಮ್ಯ, ತೊಡೆ ಚಿಕ್ಕದು. ನಾಲ್ಕು ಹಲ್ಲು ದಾಟಿದ ಪ್ರಾಣಿಯ ರುಚಿ ಗಾಢ, ಆದರೆ ಬೇಯಲು ಒಂದು ಗಂಟೆಯಷ್ಟು ಹೆಚ್ಚು ಹೊತ್ತು ಬೇಕು. ರೋಸ್ಟಿಗೆ ಎರಡು ಹಲ್ಲಿನದೇ ಸರಿಯಾದ ನಡುದಾರಿ. ಬೀಜ ಒಡೆಸದ ದೊಡ್ಡ ಟಗರು ಅಥವಾ ಹೋತದ ಮಾಂಸಕ್ಕೆ ಒಂದು ಬಗೆಯ ಗಡಸು ವಾಸನೆ ಇರುತ್ತದೆ. ಸಾರಿನಲ್ಲಿ ಅದು ಅಡಗಬಹುದು, ರೋಸ್ಟಿನಲ್ಲಿ ಅಡಗುವುದಿಲ್ಲ.

ತೂಗುಹಾಕಿದ ಮಾಂಸದಲ್ಲಿ ಹಲ್ಲು ನೋಡಲು ಆಗದಿದ್ದರೆ ಬಣ್ಣ ನೋಡಿ. ಎಳೆಯದರ ಮಾಂಸ ತಿಳಿಗೆಂಪು, ಕೊಬ್ಬು ಹಾಲಿನಂತೆ ಬಿಳಿ, ಕಡಿದ ಮೂಳೆಯ ತುದಿಯಲ್ಲಿ ಗುಲಾಬಿ ಛಾಯೆ ಇರುತ್ತದೆ. ವಯಸ್ಸಾದದ್ದರ ಮಾಂಸ ಕಡುಗೆಂಪು, ಮೂಳೆ ಬಿಳಿಚಿ ಗಟ್ಟಿಯಾಗಿರುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಕೂಡಲೇ ಮೇಲೇಳಬೇಕು.

ತೊಡೆ, ಮುಂಗಾಲು, ಬೆನ್ನು

ಇಡೀ ಅಡುಗೆಯಲ್ಲಿ ಅತ್ಯಂತ ಮುಖ್ಯವಾದ ಆಯ್ಕೆ ಇದು. ಇದರ ಬಗ್ಗೆ ವಿವರವಾಗಿಯೇ ಹೇಳಬೇಕು.

ಮಾಂಸದಲ್ಲಿ ಎರಡು ಸಂಗತಿಗಳು ಏಕಕಾಲಕ್ಕೆ, ಆದರೆ ಒಂದಕ್ಕೊಂದು ವಿರುದ್ಧವಾಗಿ ನಡೆಯುತ್ತವೆ. ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಸ್ನಾಯುವಿನ ಎಳೆಗಳು ಕುಗ್ಗತೊಡಗಿ, 65ರಿಂದ 70 ಡಿಗ್ರಿ ಮುಟ್ಟುವ ಹೊತ್ತಿಗೆ ಒದ್ದೆಬಟ್ಟೆ ಹಿಂಡಿದಂತೆ ತಮ್ಮೊಳಗಿನ ನೀರನ್ನು ಹೊರಹಾಕುತ್ತವೆ. ಅದೇ ಎಳೆಗಳನ್ನು ಕಟ್ಟಿಹಿಡಿದಿರುವ ಕೊಲಾಜನ್ ಎಂಬ ಬಿಳಿ ಪೊರೆಯಾದರೋ 70 ಡಿಗ್ರಿ ದಾಟಿದ ಮೇಲೆ, ಅದೂ ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ ಮಾತ್ರ ಕರಗಿ ಅಂಟಾದ ಜೆಲಟಿನ್ ಆಗುತ್ತದೆ. ಪಾಯಾ ಸಾರು ತಣ್ಣಗಾದಾಗ ಹೆಪ್ಪುಗಟ್ಟುವುದು ಇದೇ ಜೆಲಟಿನ್‌ನಿಂದ. ಆದ್ದರಿಂದ ಪೊರೆ ಕಡಿಮೆಯಿರುವ ತುಂಡನ್ನು ಬೇಗ ಬೇಯಿಸಿ ಬೇಗ ಇಳಿಸಬೇಕು. ಪೊರೆ ಹೆಚ್ಚಿರುವ ತುಂಡನ್ನು ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಬೇಕು. ಇವೆರಡರ ನಡುವೆ ನಿಲ್ಲಿಸಿದರೆ, ನೀರು ಹೋಗಿ ಪೊರೆ ಮಾತ್ರ ಉಳಿದು, ಅಗಿಯಲಾರದ ಮಾಂಸ ತಟ್ಟೆಗೆ ಬರುತ್ತದೆ. ನಮ್ಮ ಮನೆಗಳ ಬಹುಪಾಲು ರೋಸ್ಟುಗಳು ಕೆಡುವುದು ಇಲ್ಲಿಯೇ: ಒಂದೂವರೆ ಗಂಟೆಗೆ ತೆಗೆದು ನೋಡಿ, ಗಟ್ಟಿಯಾಗಿದೆ, ಹೆಚ್ಚು ಬೆಂದುಬಿಟ್ಟಿದೆ ಎಂದು ಇಳಿಸಿಬಿಡುತ್ತಾರೆ. ನಿಜವಾಗಿ ಅದು ಬೆಂದದ್ದು ಸಾಲದು. ಇನ್ನೊಂದು ಗಂಟೆ ಬಿಟ್ಟಿದ್ದರೆ ಮೃದುವಾಗುತ್ತಿತ್ತು.

ಹಿಂದಿನ ತೊಡೆ, ರಾಯಚೂರಿನ ಕಡೆ ರಾನ್ ಎಂದೇ ಕರೆಯುವ ಭಾಗ, ನೋಡಲು ಗಂಭೀರ, ಮಾಂಸ ಹೆಚ್ಚು, ಮೂಳೆ ಕಡಿಮೆ. ನಮ್ಮ ಕಡೆಯ ಕುರಿಯಲ್ಲಿ ಅದು ಸುಮಾರು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಆದರೆ ತೊಡೆ ಒಂದೇ ಸ್ನಾಯುವಲ್ಲ. ಮೇಲ್ಭಾಗ ದಪ್ಪ ಮತ್ತು ಕೊಬ್ಬಿಲ್ಲದ್ದು, ಮೊಣಕಾಲಿನ ಕಡೆಯ ಭಾಗ ತೆಳು ಮತ್ತು ನರ ಪೊರೆಗಳಿಂದ ತುಂಬಿದ್ದು. ಎರಡನ್ನೂ ಒಂದೇ ಹೊತ್ತಿಗೆ ಹದಕ್ಕೆ ತರುವುದು ಕಷ್ಟ. ಮುಂಗಾಲು, ಅಂದರೆ ಭುಜದ ಭಾಗ, ನೋಡಲು ಅಷ್ಟು ಚೆಂದವಿಲ್ಲ. ನಡುವೆ ಅಗಲವಾದ ಹೆಗಲಮೂಳೆ ಇರುವುದರಿಂದ ಕೊಯ್ಯುವುದೂ ಸಲೀಸಲ್ಲ. ಆದರೆ ಪದರ ಪದರವಾಗಿ ಕೊಬ್ಬು ಮತ್ತು ಪೊರೆ ಸೇರಿಕೊಂಡಿರುವುದರಿಂದ ಮೂರು ಗಂಟೆ ಬೆಂದ ಮೇಲೆ ಅದು ತನ್ನದೇ ರಸದಲ್ಲಿ ಬೆಣ್ಣೆಯಂತಾಗುತ್ತದೆ. ಹೊತ್ತು ಅರ್ಧ ಗಂಟೆ ಹೆಚ್ಚಾದರೂ ಮುಂಗಾಲು ಕೆಡುವುದಿಲ್ಲ, ತೊಡೆ ಒಣಗುತ್ತದೆ. ಮೊದಲ ಬಾರಿಗೆ ಮಾಡುವವರು ಮುಂಗಾಲನ್ನೇ ಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹಬ್ಬದ ದಿನ ಹತ್ತು ಜನರ ಮುಂದೆ ತಟ್ಟೆ ಇಡಬೇಕಾದಾಗ, ಕೈ ಪಳಗಿದ ಮೇಲೆ, ತೊಡೆಗೆ ಹೋಗಬಹುದು.

ಬೆನ್ನಿನ ಇಕ್ಕೆಲಗಳಲ್ಲಿ ಉದ್ದಕ್ಕೆ ಸಾಗುವ ಮಾಂಸ ಅತ್ಯಂತ ಮೃದು. ಅಂಗಡಿಯಲ್ಲಿ ಇದನ್ನು ಸಾಮಾನ್ಯವಾಗಿ ಚಾಪ್ಸಿಗೆ ಕಡಿದುಬಿಡುತ್ತಾರೆ. ಮೂಳೆಯಿಂದ ಬಿಡಿಸಿದ ಇಡಿಯ ಪಟ್ಟಿ ಸಿಕ್ಕರೆ ಕಾದ ಕಬ್ಬಿಣದ ಹಂಚಿನ ಮೇಲೆ ಹತ್ತು ಹನ್ನೆರಡು ನಿಮಿಷ ತಿರುವಿ ಹುರಿದರೆ ಸಾಕು. ಗಂಟೆಗಟ್ಟಲೆ ಬೇಯಿಸಿದರೆ ಹಾಳು. ನಾಲ್ಕು ಜನರ ಮನೆಗೆ ಸಾಲದಷ್ಟು ಚಿಕ್ಕ ಭಾಗವಾದ್ದರಿಂದ ಇದರ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಯಾವ ಭಾಗವನ್ನೇ ಕೊಂಡರೂ ಅಂಗಡಿಯವರಲ್ಲಿ ಇನ್ನೊಂದನ್ನು ಕೇಳಿ ತರಬೇಕು: ಹೊಟ್ಟೆಯ ಮೇಲೆ ಹೊದಿಸಿದಂತಿರುವ, ಬಲೆಯ ಹಾಗೆ ಕಾಣುವ ತೆಳು ಕೊಬ್ಬಿನ ಪೊರೆ. ಬಹಳ ಜನ ಅದನ್ನು ಒಯ್ಯುವುದಿಲ್ಲವಾದ್ದರಿಂದ ಕೇಳಿದರೆ ಕೊಟ್ಟುಬಿಡುತ್ತಾರೆ. ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಬಿಡಿಸಿ, ಮಸಾಲೆ ಸವರಿದ ತೊಡೆಯ ಮೇಲೆ ಸೀರೆಯ ಸೆರಗಿನಂತೆ ಹೊದಿಸಿದರೆ, ಬೇಯುತ್ತಿರುವಾಗ ಅದು ಕಣ್ಣಿಗೆ ಕಾಣದಂತೆ ಕರಗಿಹೋಗಿ ಮೈಯನ್ನೆಲ್ಲ ತೇವವಾಗಿಡುತ್ತದೆ. ಜಿಂಕೆ ಮಾಂಸ ಬೇಯಿಸುವವರು ಹಂದಿಯ ಕೊಬ್ಬನ್ನು ಸುತ್ತುವುದೂ ಇದೇ ಕಾರಣಕ್ಕೆ.

ಅಂದೇ ಬೇಯಿಸುವುದೋ, ಮರುದಿನವೋ?

ಕಣ್ಣೆದುರಿಗೆ ಕೊಯ್ದ ಮಾಂಸವೇ ಶ್ರೇಷ್ಠವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಶುಚಿತ್ವದ ದೃಷ್ಟಿಯಿಂದ ಅದು ಸರಿಯೇ. ಆದರೆ ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಸೆಟೆತ ತಾನಾಗಿ ಸಡಿಲಗೊಂಡು, ಮಾಂಸದೊಳಗಿನ ಕಿಣ್ವಗಳು ಎಳೆಗಳನ್ನು ಮೆತ್ತಗಾಗಿಸಲು ಒಂದೆರಡು ದಿನ ಬೇಕು. ಬೆಳಿಗ್ಗೆ ಆರಕ್ಕೆ ಕೊಯ್ದದ್ದನ್ನು ಹನ್ನೊಂದಕ್ಕೆ ಒಲೆಯ ಮೇಲಿಡುವುದು ರೋಸ್ಟಿನ ಮಟ್ಟಿಗೆ ಅತ್ಯಂತ ಕೆಟ್ಟ ಹೊತ್ತು. ಶುಕ್ರವಾರ ತಂದು, ಉಪ್ಪು ಸವರಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಭಾನುವಾರ ಬೇಯಿಸಿದ ತೊಡೆಗೂ, ಅಂದೇ ಬೇಯಿಸಿದ ತೊಡೆಗೂ ಇರುವ ವ್ಯತ್ಯಾಸವನ್ನು ಒಮ್ಮೆ ಹೋಲಿಸಿ ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಕೊಯ್ದ ಕೂಡಲೇ ಫ್ರೀಜರಿಗೆ ಹಾಕುವುದು ಮಾತ್ರ ತಪ್ಪು. ಸೆಟೆಯುವ ಮೊದಲೇ ಕಡು ಚಳಿ ತಗಲಿದ ಸ್ನಾಯು ಇನ್ನಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ದಪ್ಪನೆಯ ಇಡಿ ತೊಡೆ ಫ್ರಿಜ್ಜಿನಲ್ಲಿ ನಿಧಾನವಾಗಿ ತಣಿಯುವುದರಿಂದ ಅದಕ್ಕೆ ಈ ತೊಂದರೆ ಕಡಿಮೆ, ಸಣ್ಣ ತುಂಡುಗಳಿಗೆ ಹೆಚ್ಚು.

ನಮ್ಮ ಬೇಸಿಗೆಯಲ್ಲಿ, ನೆರಳಿನಲ್ಲೇ 40 ಡಿಗ್ರಿ ದಾಟುವ ದಿನಗಳಲ್ಲಿ, ಹಸಿ ಮಾಂಸವನ್ನಾಗಲಿ ಮಸಾಲೆಯಲ್ಲಿ ನೆನೆಸಿದ್ದನ್ನಾಗಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿದ್ದರೆ ಎರಡು ದಿನ ಇಡುವ ಆಸೆ ಬಿಟ್ಟು ಮುಂಗಾಲನ್ನು ತಂದು ಅಂದೇ ಹೆಚ್ಚು ಹೊತ್ತು ಬೇಯಿಸುವುದೇ ಕ್ಷೇಮ.

ಉಪ್ಪು, ಮೊಸರು, ಪಪ್ಪಾಯಿಕಾಯಿ

ಮಾಂಸ ಮೆತ್ತಗಾಗಲು ಜನ ಮೊದಲು ನೆನೆಯುವುದು ಪಪ್ಪಾಯಿಕಾಯಿಯನ್ನು. ಅದರಲ್ಲಿರುವ ಪಪೇನ್ ಎಂಬ ಕಿಣ್ವ ಎಳೆಗಳನ್ನು ಕತ್ತರಿಸುತ್ತದೆ ಎಂಬುದು ನಿಜ, ಆದರೆ ಅದು ಮೇಲ್ಮೈಯಿಂದ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ, ಮತ್ತು ಅದರ ಕೆಲಸ ಜೋರಾಗುವುದು 60 ಡಿಗ್ರಿಯ ಮೇಲೆ, ಬೇಯುವ ಹೊತ್ತಿನಲ್ಲೇ. ಮದುವೆಯಾದ ಹೊಸತರಲ್ಲಿ ನಾನು ಒಂದು ಕಿಲೋ ಮಾಂಸಕ್ಕೆ ಅರ್ಧ ಬಟ್ಟಲು ರುಬ್ಬಿದ ಪಪ್ಪಾಯಿ ಸವರಿ ರಾತ್ರಿಯಿಡೀ ಇಟ್ಟಿದ್ದೆ. ಮರುದಿನ ಮುಚ್ಚಳ ತೆಗೆದಾಗ ಹೊರಗಿನ ಒಂದು ಬೆರಳು ದಪ್ಪದ ಮಾಂಸ ಹಿಟ್ಟಿನಂತೆ ಕೈಗೆ ಅಂಟುತ್ತಿತ್ತು, ಒಳಗಿನದು ಇದ್ದಂತೆಯೇ ಗಟ್ಟಿಯಾಗಿತ್ತು. ಅಂದಿನಿಂದ ಕಿಲೋಗೆ ಎರಡು ಚಮಚಕ್ಕಿಂತ ಹೆಚ್ಚು ಹಾಕುವುದಿಲ್ಲ, ಎರಡು ಗಂಟೆಗಿಂತ ಹೆಚ್ಚು ಬಿಡುವುದಿಲ್ಲ. ಮುಂಗಾಲಿಗಂತೂ ಅದನ್ನು ಹಾಕುವುದೇ ಇಲ್ಲ.

ಮೊಸರು ಸೌಮ್ಯವಾದದ್ದು. ಹುಳಿಯೂ ಹದವಾಗಿ, ಕೊಬ್ಬೂ ಇದ್ದು, ಮಸಾಲೆಯನ್ನು ಮಾಂಸಕ್ಕೆ ಅಂಟಿಸಿ ಹಿಡಿಯುತ್ತದೆ. ಹನ್ನೆರಡು ಗಂಟೆ ಇಟ್ಟರೂ ಕೆಡಿಸುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರೇ ಬೇಕು, ಇಲ್ಲದಿದ್ದರೆ ಹೊರಮೈ ಹುರಿಯುವ ಬದಲು ನೀರಿನಲ್ಲಿ ಬೇಯುತ್ತದೆ. ಲಿಂಬೆರಸವನ್ನು ನೆನೆಸುವಾಗ ಹಾಕದೆ ಬಡಿಸುವಾಗ ಹಿಂಡುವುದು ಲೇಸು.

ಇವೆಲ್ಲಕ್ಕಿಂತ ಆಳಕ್ಕೆ ಇಳಿಯುವುದು ಉಪ್ಪು ಮಾತ್ರ. ಕಿಲೋಗೆ 12ರಿಂದ 15 ಗ್ರಾಂ, ಅಂದರೆ ಸುಮಾರು ಎರಡೂವರೆ ಚಹಾ ಚಮಚ ಪುಡಿ ಉಪ್ಪನ್ನು ಮಾಂಸಕ್ಕೆ ಚೆನ್ನಾಗಿ ತಿಕ್ಕಿ ಒಂದು ದಿನ ಇಟ್ಟರೆ, ಮೊದಲು ನೀರು ಹೊರಬಂದು ಆಮೇಲೆ ಆ ಉಪ್ಪುನೀರೇ ಒಳಕ್ಕೆ ಇಳಿದು, ಬೇಯುವಾಗ ಮಾಂಸ ತನ್ನ ರಸವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಒಂದೇ ಒಂದನ್ನು ಆರಿಸಿಕೊಳ್ಳಬೇಕೆಂದರೆ ನಾನು ಉಪ್ಪನ್ನು ಆರಿಸುತ್ತೇನೆ. ಎರಡಕ್ಕೆ ಅವಕಾಶವಿದ್ದರೆ ಮೊದಲ ದಿನ ಉಪ್ಪು, ಎರಡನೆಯ ದಿನ ಮೊಸರಿನ ಮಸಾಲೆ.

ಕುಕ್ಕರ್, ಹಂಡಿ, ಒಟಿಜಿ, ಕೆಂಡ

ಹೊತ್ತು ಕಡಿಮೆಯಿರುವವರಿಗೆ ಪ್ರೆಶರ್ ಕುಕ್ಕರ್ ನಂಬಿಕೆಯ ಪಾತ್ರೆ. ಒಳಗಿನ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಕಿಲೋದ ಮುಂಗಾಲನ್ನು ಮೊದಲು ಎಣ್ಣೆಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿದು, ಒಂದು ಲೋಟ ನೀರು ಹಾಕಿ, ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ 30 ನಿಮಿಷ ಬಿಟ್ಟು, ಆವಿ ತಾನಾಗಿ ಇಳಿಯುವವರೆಗೆ ಕಾಯಬೇಕು. ಸೀಟಿ ಎತ್ತಿ ಆವಿ ಬಿಟ್ಟರೆ ಮಾಂಸದೊಳಗಿನ ರಸವೂ ಒಮ್ಮೆಲೇ ಕುದಿದು ಹೊರಬರುತ್ತದೆ. ಆದರೆ ಕುಕ್ಕರಿನಲ್ಲಿ ಆಗುವುದು ಬೇಯುವುದು ಮಾತ್ರ, ಹುರಿಯುವುದಲ್ಲ. ಉಳಿದ ರಸವನ್ನು ಬೇರೆಯಾಗಿ ಇಂಗಿಸಿ ಮಾಂಸಕ್ಕೆ ಸವರಿ, ಕಾದ ಹಂಚಿನ ಮೇಲೆ ಮತ್ತೊಮ್ಮೆ ಹೊರಳಿಸದಿದ್ದರೆ ಅದನ್ನು ರೋಸ್ಟ್ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ದಪ್ಪ ತಳದ ಹಂಡಿಯಲ್ಲಿ ದಮ್ ಕಟ್ಟಿ ಬೇಯಿಸುವುದು ನನ್ನ ಮೊದಲ ಆಯ್ಕೆ. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅಡುಗೆಯಲ್ಲಿಯೂ ಈ ವ್ಯತ್ಯಾಸದ ನೆರಳು ಇದೆ ಎಂದು ಬಳ್ಳಾರಿಯ ಸೊಸೆಯಾಗದೆ ರಾಯಚೂರಿನ ಸೊಸೆಯಾದ ನನಗೆ ಬೇಗ ತಿಳಿಯಿತು. ನಮ್ಮ ಅತ್ತೆಯವರು ಹಂಡಿಯ ಬಾಯಿಗೆ ಗೋಧಿಹಿಟ್ಟಿನ ಕಣಕವನ್ನು ಹಗ್ಗದಂತೆ ಹೊಸೆದು ಸುತ್ತಿ, ಮುಚ್ಚಳ ಒತ್ತಿ, ಕೆಳಗೊಂದು ಹಳೆಯ ಹಂಚು, ಮೇಲೆ ಒಂದು ಬೊಗಸೆ ಕೆಂಡ ಇಡುತ್ತಿದ್ದರು. ಎರಡು ಗಂಟೆಯ ಮೇಲೆ ಮುಚ್ಚಳಕ್ಕೆ ಕಿವಿ ಹತ್ತಿರ ಮಾಡಿ ನಿಲ್ಲುತ್ತಿದ್ದರು. ಒಳಗೆ ಗುಳುಗುಳು ಕುದಿಯುವ ಸದ್ದು ಕ್ರಮೇಣ ಅಡಗಿ, ಎಣ್ಣೆಯ ಚಿರಚಿರ ಸದ್ದು ಶುರುವಾದರೆ ನೀರು ಇಂಗಿ ಮಾಂಸ ತನ್ನ ಕೊಬ್ಬಿನಲ್ಲಿ ಹುರಿಯತೊಡಗಿದೆ ಎಂದರ್ಥ. "ಸದ್ದು ಕೇಳವ್ವಾ, ಮೂಗಿಗೆ ವಾಸನಿ ಬರೂತನಕ ನಿಂತ್ರ ತಡಾ ಆಗಿರತೈತಿ" ಎಂದು ನನ್ನನ್ನೂ ಪಕ್ಕಕ್ಕೆ ಕರೆದು ಕೇಳಿಸುತ್ತಿದ್ದರು. ಆ ಸದ್ದು ಬಂದ ಮೇಲೆ ಹತ್ತು ನಿಮಿಷ, ಅಷ್ಟೇ. ಗ್ಯಾಸ್ ಒಲೆಯ ಮೇಲೆ ಇದನ್ನು ಮಾಡುವಾಗಲೂ ಹಂಡಿಯ ಕೆಳಗೆ ಹಂಚು ಇಡುವುದನ್ನು ತಪ್ಪಿಸಬಾರದು. ಉರಿ ನೇರವಾಗಿ ತಗಲಿದ ಕಡೆ ಮಸಾಲೆ ಸೀಯುತ್ತದೆ. ಮುಂಗಾಲಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಹಂಡಿಯಲ್ಲಿ ಹಿಡಿಯದ ದೊಡ್ಡ ತೊಡೆಗೆ ಮಾತ್ರ ಈ ದಾರಿ ಒಗ್ಗುವುದಿಲ್ಲ.

ಒಟಿಜಿಯ ಅನುಕೂಲವೆಂದರೆ ಬಿಸಿಯನ್ನು ಅಂಕಿಯಲ್ಲಿ ಹಿಡಿಯಬಹುದು ಮತ್ತು ಇಡಿ ತೊಡೆ ಎಲ್ಲ ಕಡೆಯಿಂದ ಏಕರೂಪವಾಗಿ ಕೆಂಪಾಗುತ್ತದೆ. ಕೊಳ್ಳುವ ಮೊದಲು ಒಳಗಿನ ಅಳತೆ ನೋಡಿಕೊಳ್ಳಿ. 25 ಲೀಟರಿನದರಲ್ಲಿ ಎರಡು ಕಿಲೋದ ತೊಡೆಯ ಕಾಲಮೂಳೆ ಕಾಯುವ ಕಂಬಿಗೆ ತಾಗಿ ಹೊಗೆಯೇಳುತ್ತದೆ, ಆದ್ದರಿಂದ ಮೊಣಕಾಲಿನ ಕೀಲನ್ನು ಅಂಗಡಿಯಲ್ಲೇ ಕಡಿಸಿಕೊಂಡು ಬರಬೇಕು. ಟ್ರೇಯಲ್ಲಿ ಅರ್ಧ ಲೋಟ ನೀರು ಹಾಕಿ, ಮಾಂಸವನ್ನು ಫಾಯಿಲಿನಿಂದ ಬಿಗಿಯಾಗಿ ಮುಚ್ಚಿ, 160 ಡಿಗ್ರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಯಿಸಿ, ಕೊನೆಗೆ ಫಾಯಿಲ್ ತೆಗೆದು 220 ಡಿಗ್ರಿಯಲ್ಲಿ 15 ನಿಮಿಷ ಹುರಿಯಬೇಕು. ಮೊದಲಿನಿಂದಲೂ 200 ಡಿಗ್ರಿಯಲ್ಲಿಟ್ಟರೆ ಹೊರಗಿನ ಒಂದು ಅಂಗುಲ ಒಣಗಿದರೂ ಮೂಳೆಯ ಹತ್ತಿರ ಪೊರೆ ಕರಗಿರುವುದಿಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇದ್ದರೆ ಈ ಬಗೆಯ ನಿಧಾನದ ಅಡುಗೆಯಲ್ಲಿ ಮೂಳೆಯ ಪಕ್ಕದ ಬಿಸಿ 90 ಡಿಗ್ರಿಯ ಹತ್ತಿರ ಬರಬೇಕು. ಇಲ್ಲದಿದ್ದರೆ ಚಾಕುವಿನ ತುದಿ ತಡೆಯಿಲ್ಲದೆ ಇಳಿದು ತಡೆಯಿಲ್ಲದೆ ಹೊರಬರುವುದೇ ಗುರುತು. ವಿದೇಶಿ ಕ್ರಮದಲ್ಲಿ ಒಳಗೆ ಗುಲಾಬಿ ಬಣ್ಣ ಉಳಿಸಿ 63 ಡಿಗ್ರಿಗೇ ಇಳಿಸುವುದುಂಟು. ಅದು ಬೆನ್ನಿನ ಮಾಂಸಕ್ಕೆ ಸರಿ. ನಮ್ಮ ಕಡೆಯ ಎರಡು ಹಲ್ಲಿನ ಕುರಿಯ ತೊಡೆಗೆ ಅದನ್ನು ನಾನು ಒಪ್ಪುವುದಿಲ್ಲ, ಜಗಿದು ದವಡೆ ನೋಯುತ್ತದೆ.

ಕೆಂಡದ ಮೇಲೆ ಮಾಡುವ ರುಚಿಗೆ ಸಾಟಿಯಿಲ್ಲ, ಆದರೆ ಅದನ್ನು ನಂಬಿ ಇಡಿ ತೊಡೆಯನ್ನು ಮೊದಲಿನಿಂದ ಕೊನೆಯವರೆಗೆ ಬೇಯಿಸುವುದು ಪಳಗಿದವರಿಗೂ ಕಷ್ಟ. ಹಂಡಿಯಲ್ಲೋ ಒಟಿಜಿಯಲ್ಲೋ ಬೇಯಿಸಿ ಕೊನೆಯ ಹತ್ತು ನಿಮಿಷ ಮಾತ್ರ ಕೆಂಡಕ್ಕೆ ಒಡ್ಡುವುದು ಒಳ್ಳೆಯ ಹೊಂದಾಣಿಕೆ. ನಾಡೆಲ್ಲ ಬಳ್ಳಾರಿ ಜಾಲಿ ಎಂದು ಕರೆಯುವ, ಹೊಲದ ಬದುಗಳನ್ನೆಲ್ಲ ಆಕ್ರಮಿಸಿ ರೈತರನ್ನು ಕಾಡುವ ಆ ಮುಳ್ಳುಗಿಡ ಇಲ್ಲಿ ಮಾತ್ರ ಉಪಕಾರಿ. ಅದರ ಇದ್ದಿಲು ಬಹಳ ಹೊತ್ತು ಒಂದೇ ಸಮನೆ ಉರಿಯುತ್ತದೆ. ಕೆಂಡದ ಮೇಲೆ ಬಿಳಿ ಬೂದಿ ಕವಿಯುವವರೆಗೆ ಕಾಯಬೇಕು. ಅರ್ಧ ಉರಿದ ಹಸಿ ಕಟ್ಟಿಗೆಯ ದಟ್ಟ ಹೊಗೆ ತಗಲಿದರೆ ಮಾಂಸ ಕಹಿಯಾಗುತ್ತದೆ.

ಮಸಾಲೆಯ ಮಾತು

ಇದರಲ್ಲಿ ಪ್ರತಿ ಮನೆಗೂ ಅದರದೇ ಹದವಿರುವುದರಿಂದ ಹೆಚ್ಚು ಹೇಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ರೋಸ್ಟಿಗೆ ಬ್ಯಾಡಗಿ ಮೂರು ಪಾಲು, ಗುಂಟೂರು ಒಂದು ಪಾಲು ಸಾಕು. ಕಲ್ಲುಹೂವು, ಚಕ್ಕೆ, ಲವಂಗ, ಕಾಳುಮೆಣಸನ್ನು ಹುರಿದು ಪುಡಿಮಾಡಿ, ಬೆಳ್ಳುಳ್ಳಿ ಶುಂಠಿಯೊಡನೆ ಮೊಸರಿಗೆ ಕಲಸಬೇಕು. ಬೆಳ್ಳುಳ್ಳಿಯ ಅರ್ಧದಷ್ಟನ್ನು ರುಬ್ಬದೆ ಉದ್ದುದ್ದ ಸೀಳಿ, ಚಾಕುವಿನಿಂದ ಮಾಂಸದಲ್ಲಿ ಆಳವಾಗಿ ಚುಚ್ಚಿ ಒಳಗೆ ತುರುಕಿದರೆ ಪರಿಮಳ ಮೂಳೆಯವರೆಗೂ ಹೋಗುತ್ತದೆ. ಈರುಳ್ಳಿ, ಕೊಬ್ಬರಿ, ಗಸಗಸೆಯನ್ನು ಹೊರಮೈಗೆ ಸವರಿದರೆ ಮಾಂಸ ಕೆಂಪಾಗುವ ಮೊದಲೇ ಅವು ಕಪ್ಪಾಗುತ್ತವೆ. ಅವನ್ನು ಟ್ರೇಯಲ್ಲಿ ಸೇರುವ ರಸಕ್ಕೆ ಕೂಡಿಸಿ ಗೊಜ್ಜು ಮಾಡುವುದೇ ಒಳ್ಳೆಯದು. ಶೇಂಗಾ ಎಣ್ಣೆ ಹೆಚ್ಚು ಬಿಸಿಯನ್ನು ತಾಳುತ್ತದೆ, ಕುಸುಬೆ ಎಣ್ಣೆಯ ಘಮ ಬೇಕೆನ್ನುವವರು ಕೊನೆಯಲ್ಲಿ ಒಂದು ಚಮಚ ಸವರಬಹುದು.

ಇಳಿಸಿದ ಮೇಲೆ

ಒಲೆಯಿಂದ ಇಳಿಸಿದ ಕೂಡಲೇ ಚಾಕು ಹಾಕಬಾರದು. ಸಡಿಲವಾಗಿ ಮುಚ್ಚಿ 20 ನಿಮಿಷ ಬಿಟ್ಟರೆ ತೆಳ್ಳಗೆ ಹರಿದಾಡುತ್ತಿದ್ದ ರಸ ಮಂದವಾಗಿ ಮಾಂಸದಲ್ಲೇ ನಿಲ್ಲುತ್ತದೆ. ಬಿಸಿಯಲ್ಲೇ ಕೊಯ್ದರೆ ಎಲ್ಲವೂ ತಟ್ಟೆಗೆ ಹರಿದುಹೋಗುತ್ತದೆ. ಕೊಯ್ಯುವಾಗ ಎಳೆ ಯಾವ ದಿಕ್ಕಿಗೆ ಸಾಗಿದೆ ಎಂದು ನೋಡಿ, ಅದಕ್ಕೆ ಅಡ್ಡವಾಗಿ ಕೊಯ್ಯಬೇಕು. ಎಳೆಯುದ್ದಕ್ಕೆ ಕೊಯ್ದ ತೊಡೆ ಎಷ್ಟೇ ಚೆನ್ನಾಗಿ ಬೆಂದಿದ್ದರೂ ಹಲ್ಲಿಗೆ ದಾರದಂತೆ ಸಿಕ್ಕುತ್ತದೆ. ಮುಂಗಾಲಿಗೆ ಈ ಚಿಂತೆಯಿಲ್ಲ. ಹೆಗಲಮೂಳೆಯನ್ನು ಹಿಡಿದು ಮೆಲ್ಲನೆ ತಿರುಗಿಸಿದರೆ ಅದು ಮಾಂಸದಿಂದ ತಾನಾಗಿ ಜಾರಿ ಬರಬೇಕು. ಹಾಗೆ ಬಾರದಿದ್ದರೆ ಮತ್ತೆ ಮುಚ್ಚಿ ಅರ್ಧ ಗಂಟೆ ಬೇಯಿಸಿ, ನಾಚಿಕೆ ಪಡಬೇಕಾದದ್ದೇನಿಲ್ಲ.

ಜೊತೆಗೆ ಏನಿರಬೇಕೆಂಬುದಕ್ಕೆ ಬಿಸಿ ಜೋಳದ ರೊಟ್ಟಿಯೇ ನನ್ನ ಉತ್ತರ. ಸಿಂಧನೂರು, ಗಂಗಾವತಿಯ ಸೋನಾ ಮಸೂರಿ ಅನ್ನ ಗೊಜ್ಜಿಗೆ ಹೊಂದುತ್ತದೆಯಾದರೂ, ಹಂಡಿಯ ತಳದಲ್ಲಿ ಅಂಟಿದ ಕೆಂಪು ಮಸಾಲೆಯನ್ನು ಬಳಿದು ತೆಗೆಯಲು ರೊಟ್ಟಿಯ ತುಂಡೇ ಬೇಕು. ಉಳಿದ ಮೂಳೆಯನ್ನು ಎಸೆಯದೆ, ಅಂದೇ ರಾತ್ರಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಹುರುಳಿಕಾಳಿನೊಡನೆ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿದರೆ ಮನೆಮಂದಿಗೆ ಇನ್ನೊಂದು ಹೊತ್ತಿನ ಸಾರು ಆಗುತ್ತದೆ.